ರಾಜಕುಮಾರಿಯ ಎರಡು ಕ್ಯಾಮೆರಾ

"ಕೊಳಗಿರಿಯ ಸಮಸ್ತರೂ ಕಿವಿಗೊಟ್ಟು ಕೇಳಿ! ರಾಜಕುಮಾರಿ ಇಂದುಮಣಿಯವರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನಿಗೆ ಅವರನ್ನು ಧಾರೆಯೆರೆದು ಅರ್ಧ ರಾಜ್ಯವನ್ನೂ ಕೊಡುತ್ತೇವೆ. ಒಂದು ತಪ್ಪಿದರೂ ಅಮಾವಾಸ್ಯೆಯಂದು ತಲೆದಂಡ!"

ಡಂಗುರದವನು ತಲೆಯ ವಿಷಯವನ್ನು ಕೊನೆಗೆ ಹೇಳಿದ. ನಮ್ಮ ಜನ ಅರ್ಧ ರಾಜ್ಯದವರೆಗೆ ಮಾತ್ರ ಕೇಳಿಸಿಕೊಂಡು ಅರಮನೆಗೆ ಓಡಿದರು. ಅಮಾವಾಸ್ಯೆಯ ಹಿಂದಿನ ದಿನಕ್ಕೆ ಸೆರೆಮನೆ ತುಂಬಿಹೋಗಿತ್ತು, ಅದರೊಳಗೆ ಕುಂಬಾರ ಕೆಂಚಯ್ಯನೂ ಇದ್ದ. ಅವನ ತಮ್ಮ ಬೆಟ್ಟಯ್ಯನಿಗೆ ರಾಜ್ಯದ ಆಸೆಯಿರಲಿಲ್ಲ. ಅಪ್ಪ ಸತ್ತ ಮೇಲೆ ತನ್ನನ್ನು ಹೆಗಲ ಮೇಲೆ ಹೊತ್ತು ಸಾಕಿದ ಅಣ್ಣನನ್ನು ಬಿಡಿಸಿ ತಂದರೆ ಸಾಕಾಗಿತ್ತು. ಗೆದ್ದವನು ಕೇಳಿದ್ದನ್ನು ಅರಸ ಇಲ್ಲ ಎನ್ನಲಾರ ಎಂದುಕೊಂಡು, ಕೈಗಂಟಿದ ಜೇಡಿಮಣ್ಣನ್ನು ಪಂಚೆಗೆ ಒರೆಸಿಕೊಂಡು ಅವನೂ ಸಭೆಗೆ ಬಂದ.

ಅವನಿಗಿಂತ ಮುಂಚೆ ಇಬ್ಬರು ನಿಂತಿದ್ದರು. ರಾಜಕುಮಾರಿ ಮೊದಲನೆಯವನಾದ ಪಂಡಿತನನ್ನು ನೋಡಿ ಕೇಳಿದಳು: "ಅವನಿಗೆ ಒಂದೇ ಕಣ್ಣು. ಕೂತಲ್ಲಿಂದ ಏಳದೆ ಮೂಗನ್ನು ಉದ್ದ ಮಾಡಿ, ಕೆರೆಯಾಚೆಯ ಕೊಕ್ಕರೆಯ ಬಾಯಲ್ಲಿರುವ ಮೀನನ್ನು ಕಾಣುತ್ತಾನೆ. ಆದರೆ ದೀಪದ ಮಬ್ಬಿನಲ್ಲಿ ಎದುರಿಗೆ ಕೂತವರ ಮುಖವನ್ನೇ ಕಲಸಿಬಿಡುತ್ತಾನೆ. ಯಾರವನು?"

"ಒಕ್ಕಣ್ಣ ಅಂದಮೇಲೆ ಶುಕ್ರಾಚಾರ್ಯರೇ!" ಎಂದು ಪಂಡಿತ ಶಲ್ಯ ಕೊಡವಿದ. ಭಟರು ಶಲ್ಯದ ಸಮೇತ ಅವನನ್ನು ಎಳೆದುಕೊಂಡು ಹೋದರು.

ಎರಡನೆಯವನು ಸೇನಾಪತಿಯ ಮಗ. ಮನೆಯಲ್ಲಿ ಬೇಕಾದಷ್ಟು ಯಂತ್ರಗಳನ್ನು ನೋಡಿದವನಾದ್ದರಿಂದ ಮೊದಲೆರಡು ಒಗಟುಗಳನ್ನು ಸಲೀಸಾಗಿ ಬಿಡಿಸಿದ. ಆಗ ರಾಜಕುಮಾರಿಯ ಸನ್ನೆಯಂತೆ ಇಬ್ಬರು ದಾಸಿಯರು ಎರಡು ಕ್ಯಾಮೆರಾಗಳನ್ನು ತಂದು ಮಣೆಯ ಮೇಲಿಟ್ಟರು. ಒಂದು ಸೂಪರ್‌ಜೂಮ್, ಇನ್ನೊಂದು ಹೊಸಬರು ಕಲಿಯಲು ಕೊಳ್ಳುವಂಥ ಡಿಎಸ್‌ಎಲ್‌ಆರ್.

"ಇವರಿಬ್ಬರೂ ನನ್ನ ಬಾಗಿಲಲ್ಲಿ ನಿಂತಿದ್ದಾರೆ. ಒಬ್ಬರನ್ನೇ ಒಳಗೆ ಕರೆಯಬೇಕು. ನನಗೆ ತಕ್ಕವರು ಯಾರು, ಯಾಕೆ?"

"ಡಿಎಸ್‌ಎಲ್‌ಆರ್! ಕೊರಳಲ್ಲಿ ತೂಗಿದರೆ ಅದಕ್ಕೊಂದು ಗತ್ತಿರುತ್ತೆ. ನಿಮ್ಮ ಅಂತಸ್ತಿಗೆ ಅದೇ ಸರಿ."

"ಸೆರೆಗೆ," ಎಂದಳು ರಾಜಕುಮಾರಿ.

ಈಗ ಬೆಟ್ಟಯ್ಯನ ಸರದಿ. ಕೆಂಚಯ್ಯ ಸೂಪರ್‌ಜೂಮ್ ಎಂದು ಹೇಳಿ ಒಳಗೆ ಹೋದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಅದೂ ತಪ್ಪು, ಇದೂ ತಪ್ಪು ಎಂದಮೇಲೆ ಇನ್ನೇನು ಉಳಿಯಿತು? ಹಿಂದಿರುಗೋಣವೆಂದರೆ ಬೆಳಗಾದರೆ ಅಮಾವಾಸ್ಯೆ.

ಪಂಡಿತ ಸೋತ ಮೊದಲನೆಯ ಒಗಟಿನ ಉತ್ತರ ಈಗಷ್ಟೇ ಕಿವಿಗೆ ಬಿದ್ದಿತ್ತು, ಅವನು ಅದನ್ನು ಕಣ್ಣಾರೆಯೂ ಕಂಡಿದ್ದ. "ಈ ಸೂಪರ್‌ಜೂಮೇ ತಾಯಿ. ಕೆರೆ ದಂಡೆ ಮೇಲೆ ನೀರಿನ ಮಡಕೆ ಮಾರ್ತೀನಿ. ಹಕ್ಕಿ ನೋಡೋಕೆ ಬರೋರು ಇದರ ಮೂಗನ್ನ ಉದ್ದ ಮಾಡಿ ಒಂದ್ಸಲ ನಂಗೂ ತೋರಿಸಿದ್ರು. ರೆಕ್ಕೆಯ ಎಳೆ ಎಳೆಯೂ ಕಂಡಿತ್ತು! ಕತ್ತಲಾಗ್ತಿದ್ದಂಗೆ ಪಟ ರವೆ ಎರಚಿದಂಗಾಗುತ್ತೆ ಅಂತ ಅವರೇ ಬೈಕೊಳ್ಳೋರು."

ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಅವಳ ಹೊಟ್ಟೆಯೊಳಗೆ ಕನ್ನಡಿ. ಪಟ ಹಿಡಿವ ಗಳಿಗೆಗೆ ಕನ್ನಡಿ ತಾನೇ ಎದ್ದು ಬೆಳಕಿಗೆ ದಾರಿ ಬಿಡುತ್ತದೆ. ಹತ್ತಿರಕ್ಕೊಂದು ಕಣ್ಣು, ದೂರಕ್ಕೊಂದು ಕಣ್ಣು, ಬೇಕಾದಾಗ ಕಿತ್ತು ಬೇರೆಯದನ್ನು ಇಟ್ಟುಕೊಳ್ಳುತ್ತಾಳೆ."

"ಅದು ಡಿಎಸ್‌ಎಲ್‌ಆರ್. ಮದುವೆ ಮನೆಗೆ ಬಣ್ಣದ ಮಡಕೆ ಹೊತ್ಕೊಂಡು ಹೋದಾಗ ನೋಡಿದೀನಿ. ಪಟದವನು ಲೆನ್ಸ್ ಬದಲಾಯಿಸ್ತಾನೇ ಇರ್ತಾನೆ. ಮಬ್ಬುಗತ್ತಲಲ್ಲೂ ಮದುಮಗಳ ಮುಖ ಎಷ್ಟು ಚೆಂದ ಬಂದಿರುತ್ತೆ ಅಂತೀರಿ!"

ಸಭೆ ತಲೆದೂಗಿತು. ಆದರೆ ಈ ಎರಡು ಒಗಟುಗಳನ್ನು ಅಣ್ಣನೂ ಗೆದ್ದಿದ್ದ.

ಮೂರನೆಯದು ಬಂತು. "ನನಗೆ ತಕ್ಕವರು ಯಾರು, ಯಾಕೆ?"

ಬೆಟ್ಟಯ್ಯ ಎರಡನ್ನೂ ನೋಡಿದ. ಏನೂ ಹೊಳೆಯಲಿಲ್ಲ. ಹೊಳೆಯದಿದ್ದಾಗ ಮನುಷ್ಯನ ನಾಲಿಗೆ ದಿನಾ ಆಡುವ ಮಾತನ್ನೇ ಆಡಿಬಿಡುತ್ತದೆ. ಮಡಕೆ ಬೇಕು ಎಂದು ಬಾಗಿಲಿಗೆ ಬಂದ ಯಾರನ್ನೇ ಆಗಲಿ, ಕುಂಬಾರ ಮೊದಲು ಕೇಳುವುದು ಒಂದೇ ಮಾತು. ನೀರಿಗಾದರೆ ಬೇರೆ ಮಡಕೆ, ಸಾರಿಗಾದರೆ ಬೇರೆ.

"ಯಾತಕ್ಕೆ ತಾಯಿ?" ಎಂದ.

ಮಂತ್ರಿ ಕೆರಳಿದ. "ಎಲವೋ! ರಾಜಕುಮಾರಿಯವರನ್ನೇ ಪ್ರಶ್ನೆ ಮಾಡುತ್ತೀಯಾ?"

"ತಪ್ಪಾಯ್ತು ಬುದ್ಧಿ. ಆದ್ರೆ ಯಾತಕ್ಕೆ ಅಂತ ಗೊತ್ತಿಲ್ದೆ ಹೆಂಗೆ ಕೊಡೋದು?"

ಇಂದುಮಣಿ ಕೈಯೆತ್ತಿ ಮಂತ್ರಿಯನ್ನು ಸುಮ್ಮನಿರಿಸಿದಳು. ಅವಳ ಕಣ್ಣು ತುಂಬಿತ್ತು. "ನನ್ನ ಅಜ್ಜಿಗೆ ಬೆಳಕು ತಾಳುವುದಿಲ್ಲ. ಒಳಕೋಣೆಯಲ್ಲಿ ಒಂದು ಎಣ್ಣೆದೀಪ ಇಟ್ಟುಕೊಂಡು ಕೂತಿರುತ್ತಾರೆ. ಅವರು ನಗುವುದನ್ನು ಒಂದು ಪಟದಲ್ಲಿ ಹಿಡಿದಿಟ್ಟುಕೊಳ್ಳಬೇಕು. ನನಗೆ ಬೇಕಾದದ್ದು ಅಷ್ಟೇ."

"ಹಂಗಾದ್ರೆ ಡಿಎಸ್‌ಎಲ್‌ಆರೇ ತಾಯಿ, ಬೆಳಕನ್ನ ಚೆನ್ನಾಗಿ ಒಳಗೆ ಬಿಡೋ ಅಗಲ ಬಾಯಿನ ಲೆನ್ಸ್ ಹಾಕ್ಕೊಂಡು. ನಾಳೆ ಹಕ್ಕಿ ಬೇಕು ಅಂದ್ರೆ ಆ ಇನ್ನೊಬ್ಬನೇ ಜಾಣ. ಹೊರೋಕೂ ಹಗುರ, ಕಣ್ಣು ಬದಲಾಯಿಸೋ ತಾಪತ್ರಯಾನೂ ಇಲ್ಲ. ಎರಡರಲ್ಲೂ ಕೀಳು ಅನ್ನೋದಿಲ್ಲ."

"ಗೆದ್ದೆ," ಎಂದಳು ಇಂದುಮಣಿ. "ಸೇನಾಪತಿಯ ಮಗನೂ ಇದೇ ಹೆಸರು ಹೇಳಿದ, ಆದರೆ ನನ್ನ ಅಂತಸ್ತು ನೋಡಿ ಹೇಳಿದ. ನನ್ನನ್ನು ಮದುವೆಯಾಗಲು ಬಂದವರಲ್ಲಿ ಒಬ್ಬರೂ ನನಗೇನು ಬೇಕೆಂದು ಕೇಳಲಿಲ್ಲ. ಅದನ್ನು ಕೇಳದೆ ಈ ಒಗಟನ್ನು ಬಿಡಿಸಲಾಗುವುದಿಲ್ಲ."

ಅರಸ ಸಿಂಹಾಸನದಿಂದಿಳಿದು ಬಂದು ಕುಂಬಾರನ ಕೈ ಹಿಡಿದುಕೊಂಡ. "ಏನು ಬೇಕೋ ಕೇಳಪ್ಪಾ."

"ನಮ್ಮಣ್ಣ. ಅವನ ಜೊತೆ ಇರೋರೂ ಬರಲಿ. ಆಸೆಪಟ್ಟಿದ್ದಕ್ಕೆ ತಲೆ ತೆಗೀಬೇಡಿ ಬುದ್ಧಿ."

ಇಂಥವನನ್ನು ಮೆಚ್ಚದೆ ಇರಲು ಸಾಧ್ಯವೇ? ಇಂದುಮಣಿಯೂ ಮೆಚ್ಚಿದಳು. ಅರ್ಧ ರಾಜ್ಯದ ಮಾತು, ಲಗ್ನದ ಮಾತು ಎಲ್ಲವೂ ಸಾಂಗವಾಗಿ ನಡೆದವು. ಅಜ್ಜಿಯ ಪಟವೂ ಬಂತು, ಬೊಚ್ಚುಬಾಯಿಯ ನಗು ದೀಪಕ್ಕಿಂತ ಬೆಳಗಿತ್ತು.

ಅದೆಲ್ಲಕ್ಕಿಂತ ಮುಂಚೆ ಸೆರೆಮನೆಯ ಬಾಗಿಲು ತೆರೆಯಿತು. ಕೆಂಚಯ್ಯ ಓಡಿಬಂದು ತಮ್ಮನನ್ನು ತಬ್ಬಿಕೊಂಡ. "ಮೂರನೇದಕ್ಕೆ ಏನಂದ್ಯೋ?"

"ಯಾತಕ್ಕೆ ಅಂತ ಕೇಳ್ದೆ, ಅಷ್ಟೇ."

ಕೆಂಚಯ್ಯ ಹಣೆ ಚಚ್ಚಿಕೊಂಡು ಅಳುತ್ತಲೇ ನಕ್ಕ. "ನಂಗೂ ಅದೇ ಮಾತು ಬಾಯಿತನಕ ಬಂದಿತ್ತು ಕಣೋ! ಇನ್ನೊಬ್ಬರ ಜರಿಪೇಟ ಸುತ್ಕೊಂಡು ಸಾಹುಕಾರನಂಗೆ ನಿಂತಿದ್ನಲ್ಲ. ಕೇಳಿದ್ರೆ ಕುಂಬಾರ ಅಂತ ಗೊತ್ತಾಗೋಗುತ್ತೆ ಅಂತ ನುಂಗ್ಕೊಂಡ್ಬಿಟ್ಟೆ."