ಬಾನೆಟ್ಟಿನ ಮೇಲಿನ ನಿರ್ಮಾಲ್ಯ

“ಗುರುಗಳೇ, ಒಬ್ಬರ ನಂಬಿಕೆ ತಪ್ಪೆಂದು ನಮಗೆ ಸ್ಪಷ್ಟವಾಗಿ ಗೊತ್ತಿದ್ದೂ ಅದನ್ನು ತಿದ್ದದೆ ಬಿಡುವುದು ಪಾಪವಲ್ಲವೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ಓದಿಕೊಂಡವನು, ತಿದ್ದುವುದರಲ್ಲಿ ಬಹಳ ಉತ್ಸಾಹಿ. ಅಂದು ಬೆಳಿಗ್ಗೆ ಗ್ರಹಣದ ಬಗ್ಗೆ ಆಶ್ರಮದ ಅಡುಗೆಯವರಿಗಿದ್ದ ನಂಬಿಕೆಯನ್ನು ತಿದ್ದಿದ್ದ. ಮಧ್ಯಾಹ್ನದ ಸಾರಿನಲ್ಲಿ ಉಪ್ಪಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಓಣಿ ಕಿರಿದು, ಆಸೆ ದೊಡ್ಡದು. ಆದ್ದರಿಂದ ಅವನು ಟರ್ಬೊ ಇರುವ ಒಂದು ಗಿಡ್ಡ ಕಾರನ್ನು ಕೊಂಡ. ನಿಂತಾಗ ಅದು ಓಣಿಯಲ್ಲಿ ಹಿಡಿಸುತ್ತಿತ್ತು, ಹೊರಟರೆ ಹೆದ್ದಾರಿಯಲ್ಲೂ ಹಿಡಿಸುತ್ತಿರಲಿಲ್ಲ. ಅದರ ಬಾನೆಟ್ಟಿನ ಮೇಲೆ ಅಂಚೆ ಡಬ್ಬದ ಬಾಯಿಯಂಥ ಅಗಲವಾದ ಒಂದು ಸೀಳಿತ್ತು. ಊರಿನ ಬೇರೆ ಯಾವ ಕಾರಿಗೂ ಅಂಥ ಬಾಯಿ ಇರಲಿಲ್ಲ. ಕಂಡವರೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು.

ವ್ಯಾಪಾರಿಯ ಅಕ್ಕ ಎದುರು ಮನೆಯಲ್ಲಿದ್ದಳು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ದಿನವೂ ಕಾರು ಹೊರಡುವ ಹೊತ್ತಿಗೆ ಅವಳು ರಂಗೋಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

“ಎಷ್ಟು ಲಕ್ಷಣವಾಗಿದೆಯೋ ತಮ್ಮಾ ನಿನ್ನ ಗಾಡಿ” ಎನ್ನುತ್ತಿದ್ದಳು.

ಅದರಲ್ಲಿ ಒಮ್ಮೆ ಕೂರಬೇಕೆಂಬ ಆಸೆ ಅವಳಿಗಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ. ವ್ಯಾಪಾರಿಯೂ ಕರೆದಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೇ ಅವನಿನ್ನೂ ತೆಗೆದಿರಲಿಲ್ಲ.

ಆಯುಧಪೂಜೆ ಬಂತು. ವ್ಯಾಪಾರಿ ಕಾರಿಗೆ ಚೆಂಡುಹೂವಿನ ದಪ್ಪ ಹಾರ ಹಾಕಿದ. ದೃಷ್ಟಿ ತಾಗುವುದು ಆ ಬಾಯಿಗೇ ಎಂದುಕೊಂಡು ಅದಕ್ಕೆ ಅಡ್ಡಲಾಗಿ ನಿಂಬೆಹಣ್ಣು ಮೆಣಸಿನಕಾಯಿಯ ಸರ ಕಟ್ಟಿದ. ಹಬ್ಬ ಮುಗಿಯಿತು. ಹಾರ ಉಳಿಯಿತು.

ಕಾರಿನ ಎಳೆತ ತಗ್ಗಿತು. ಮೊದಲು ಹುಲಿಯಂತೆ ಹಾರುತ್ತಿದ್ದುದು ಈಗ ಊಟ ಮುಗಿಸಿದ ಬೀಗರಂತೆ ನಡೆಯತೊಡಗಿತು. ವ್ಯಾಪಾರಿ ಮೆಕ್ಯಾನಿಕ್ಕನ ಬಳಿಗೆ ಹೋದ. ಮೆಕ್ಯಾನಿಕ್ ಬಾನೆಟ್ ತೆರೆಯಬೇಕಾಗಿದ್ದರಿಂದ ಹಾರವನ್ನೂ ಸರವನ್ನೂ ಬಿಚ್ಚಿ ಪಕ್ಕದ ಸ್ಟೂಲಿನ ಮೇಲೆ ಇಟ್ಟ. ಎಣ್ಣೆ ಬದಲಿಸಿದ, ಪ್ಲಗ್ ಒರೆಸಿದ, ಗಾಳಿಯ ಫಿಲ್ಟರಿನಿಂದ ಚೆಂಡುಹೂವಿನ ಎಸಳುಗಳನ್ನು ಕೊಡವಿದ. ಓಡಿಸಿ ನೋಡಿದರೆ ಕಾರು ಮತ್ತೆ ಹುಲಿ. ಅವನು ವ್ಯಾಪಾರಿಯನ್ನು ಕೂರಿಸಿಕೊಂಡು ವಿವರವಾಗಿ ಹೇಳಿದ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ಹೊರಗಿನ ಗಾಳಿ ಬೇಕು. ಅದು ಬರುವುದು ಈ ಬಾಯಿಯಿಂದ. ಬಾಯಿ ಮುಚ್ಚಿದರೆ ಕಾರಿಗೆ ಉಸಿರು ಕಟ್ಟುತ್ತದೆ.

ವ್ಯಾಪಾರಿ ಗಮನವಿಟ್ಟು ಕೇಳಿದ. “ಅಂದರೆ ಹೊರಗಿನದು ಒಳಗೆ ಹೋಗುವುದೇ ಅಲ್ಲಿಂದ” ಎಂದ.

“ಹೌದು ಸಾಹುಕಾರ್ರೇ.”

“ಹಾಗಾದರೆ ದೃಷ್ಟಿಯೂ ಅಲ್ಲಿಂದಲೇ ಹೋಗುತ್ತದೆ” ಎಂದು ಹೇಳಿ, ಮನೆಗೆ ಹೋದವನೇ ಹಳೆಯ ಹಾರವನ್ನೂ ಸರವನ್ನೂ ಮತ್ತೆ ಕಟ್ಟಿ, ಅವುಗಳ ಮೇಲೆ ಹೊಸ ಹಾರ ಹಾಕಿದ. ಕರಿ ಉಣ್ಣೆಯ ಹುರಿಯನ್ನು ಆ ಬಾಯಿಯೊಳಕ್ಕೆ ತುರುಕಿದ. ಕೋರೆಹಲ್ಲಿನ ಒಂದು ದೃಷ್ಟಿಗೊಂಬೆಯನ್ನು ತಂದು ಎದುರಿಗೆ ಕಟ್ಟಿದ.

ಕಾರು ಇನ್ನಷ್ಟು ಸೊರಗಿತು. ಮತ್ತೆ ಗ್ಯಾರೇಜಿಗೆ ಹೋಯಿತು. ಅಲ್ಲಿ ಎಲ್ಲವನ್ನೂ ಬಿಚ್ಚಿದರೆ ಹುಲಿ, ಮನೆಯಲ್ಲಿ ಎಲ್ಲವನ್ನೂ ಕಟ್ಟಿದರೆ ಬೀಗರು. ವ್ಯಾಪಾರಿ ಯೋಚಿಸಿದ. ಗ್ಯಾರೇಜಿನಲ್ಲಿ ಚೆನ್ನಾಗಿರುವ ಕಾರು ಓಣಿಗೆ ಬಂದರೆ ಕೆಡುತ್ತದೆ. ಓಣಿಯಲ್ಲಿ ದಿನವೂ ಅದನ್ನು ನೋಡುವವರು ಯಾರು? ನೋಡುವುದಷ್ಟೇ ಅಲ್ಲ, ಬಾಯಿಬಿಟ್ಟು ಹೊಗಳುವವರು ಯಾರು?

ಅಂದಿನಿಂದ ಅವನು ಅಕ್ಕನ ಜೊತೆ ಮಾತು ಬಿಟ್ಟ. ಅವಳು ರಂಗೋಲಿ ಹಾಕಲು ಬರುವ ಮೊದಲೇ ಕಾರನ್ನು ಹಿಂದಿನ ಗಲ್ಲಿಯಿಂದ ಹೊರಡಿಸಿದ. ಅಕ್ಕ ಕಾರಣ ಕೇಳಿ ಕಳಿಸಿದರೆ ಪುರುಸೊತ್ತಿಲ್ಲ ಎಂದ. ಗೌರಿ ಹಬ್ಬದಲ್ಲಿ ತವರಿನ ಬಾಗಿನ ಬರುತ್ತದೆಂದು ಅವಳು ಬಾಗಿಲಿಗೆ ತೋರಣ ಕಟ್ಟಿ ಕಾದಳು. ಬಾಗಿನ ರಸ್ತೆ ದಾಟಲಿಲ್ಲ. ತವರೆಂದರೆ ಅವಳಿಗೆ ಆ ತಮ್ಮನೊಬ್ಬನೇ.

ಹೀಗಿರುವಾಗ ಬೆಟ್ಟದಾಚೆಯ ಊರಿನಲ್ಲಿ ಸೋದರಮಾವನ ಮಗನ ಗೃಹಪ್ರವೇಶ ಬಂತು. ವ್ಯಾಪಾರಿ ಕಾರಿನಲ್ಲಿ ಒಬ್ಬನೇ ಹೊರಟ. ಅಕ್ಕ ಬಸ್ಸಿನಲ್ಲಿ ಹೊರಟಳು. ಅರ್ಧ ಏರಿನಲ್ಲಿ ಕಾರು ಏದುಸಿರು ಬಿಟ್ಟು, ಕಾದು, ರಸ್ತೆಯ ನಡುವೆಯೇ ನಿಂತಿತು. ಹಿಂದಿನಿಂದ ಬಂದ ಬಸ್ಸೂ ನಿಲ್ಲಬೇಕಾಯಿತು. ಬಸ್ಸಿನಲ್ಲಿದ್ದವರೆಲ್ಲ ಇಳಿದು ಸಲಹೆ ಕೊಟ್ಟರು. ಒಬ್ಬ ಪೆಟ್ರೋಲ್ ಇದೆಯೇ ಎಂದ. ಇನ್ನೊಬ್ಬ, ಮೂತಿಗೆ ಮುಖವಾಡ ಕಟ್ಟಿಕೊಂಡ ಕಾರು ಬೆಟ್ಟ ಹತ್ತುವುದನ್ನು ತಾನೆಲ್ಲೂ ಕಂಡಿಲ್ಲ ಎಂದ. ಎಲ್ಲರೂ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿದರು.

ಅಕ್ಕನೂ ಇಳಿದು ಬಂದಳು. ವ್ಯಾಪಾರಿ ಮುಖ ತಿರುಗಿಸಿದ. ಅವಳು ಅವನ ಮುಖ ನೋಡಲಿಲ್ಲ, ಬಾನೆಟ್ ನೋಡಿದಳು.

“ದೇವರ ತಲೆಯ ಮೇಲಿನ ಹೂವನ್ನೇ ಬೆಳಗಾದರೆ ತೆಗೆಯುತ್ತೇವೆ. ಹೋದ ಆಯುಧಪೂಜೆಯ ನಿರ್ಮಾಲ್ಯ ಇನ್ನೂ ಇದರ ಮೇಲಿದೆಯಲ್ಲೋ! ನಾನು ಸಾಕಿದವನು ಹೀಗಾದೆಯಾ?” ಎಂದಳು.

ಸೆರಗು ಸಿಕ್ಕಿಸಿಕೊಂಡು ಅವಳು ಒಣಗಿದ ಹಾರಗಳನ್ನು ಕಿತ್ತಳು. ಕೊಳೆತ ನಿಂಬೆಹಣ್ಣನ್ನು ತೆಗೆದಳು. ಸೀಳಿನೊಳಗೆ ಕೈ ಹಾಕಿ, ಬಾವಿಗೆ ಬಿದ್ದ ಹಗ್ಗ ಎಳೆಯುವಂತೆ ಉಣ್ಣೆಯ ಹುರಿಯನ್ನು ಎಳೆದಳು. ಗೊಂಬೆಯನ್ನೂ ಬಿಡಲಿಲ್ಲ. ಅವನ್ನೆಲ್ಲ ಯಾರೂ ತುಳಿಯದ ಕಡೆ, ದೂರದ ಒಂದು ಮರದ ಬುಡದಲ್ಲಿ ಹಾಕಿ ಬಂದಳು. ಬರುವಷ್ಟರಲ್ಲಿ ಬಸ್ಸು ಹೋಗಿತ್ತು.

ವ್ಯಾಪಾರಿ ಬೇರೆ ದಾರಿಯಿಲ್ಲದೆ ಮುಂದಿನ ಬಾಗಿಲು ತೆರೆದ. ಅಕ್ಕ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಸದ್ದು ಮಾಡುತ್ತ ಕುಳಿತಳು. ಅಷ್ಟರಲ್ಲಿ ಎಂಜಿನ್ ತಣಿದಿತ್ತು. ಕಾರು ಒಂದೇ ಉಸಿರಿಗೆ ಬೆಟ್ಟ ಹತ್ತಿತು. ದಾರಿಯಲ್ಲಿ ಬಸ್ಸನ್ನೂ ಹಿಂದೆ ಹಾಕಿತು. ಅಕ್ಕ ಕಿಟಕಿಯಿಂದ ಬಸ್ಸಿನವರಿಗೆ ಕೈ ಬೀಸಿದಳು.

ವ್ಯಾಪಾರಿ ದಾರಿಯುದ್ದಕ್ಕೂ ಯೋಚಿಸಿದ. ಗೃಹಪ್ರವೇಶದ ಊಟಕ್ಕೆ ಕೂರುವ ಹೊತ್ತಿಗೆ ಅವನಿಗೆ ಎಲ್ಲವೂ ಹೊಳೆದಿತ್ತು. ಮರುದಿನ ಅದನ್ನು ಮೆಕ್ಯಾನಿಕ್ಕನಿಗೆ ಹೇಳಿದ.

“ಹೊರಗೆ ನಿಂತು ನೋಡಿದರೆ ತಾನೇ ದೃಷ್ಟಿ? ಒಳಗೆ ಕೂತವರಿಗೆ ಕಾರು ಕಾಣುವುದೇ ಇಲ್ಲ. ಇನ್ನು ಮೇಲೆ ನಮ್ಮ ಅಕ್ಕನನ್ನು ಓಣಿಯಲ್ಲಿ ನಿಲ್ಲಲು ಬಿಡುವುದಿಲ್ಲ. ಎಲ್ಲಿಗೆ ಹೋದರೂ ಒಳಗೇ ಕೂರಿಸಿಕೊಳ್ಳುತ್ತೇನೆ.”

ಮೆಕ್ಯಾನಿಕ್ ಬಾಯಿ ತೆರೆದ. ಮುಂದಿನ ಸೀಟಿನಲ್ಲಿ ಹೊಸ ಸೀರೆ ಉಟ್ಟು ಕುಳಿತಿದ್ದ ಅಕ್ಕನನ್ನು ನೋಡಿದ. ಕೈ ಒರೆಸಿಕೊಂಡು, “ಅವರನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ ಸಾಹುಕಾರ್ರೇ” ಎಂದ.

ಅಂದಿನಿಂದ ವ್ಯಾಪಾರಿ ಸಂತೆಗೆ ಹೋದರೂ ಅಕ್ಕ, ಬ್ಯಾಂಕಿಗೆ ಹೋದರೂ ಅಕ್ಕ. ಅವನು ಶುಕ್ರವಾರ ಹಾರ ಹಾಕುವುದನ್ನು ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಅವಳು ಅದನ್ನು ತೆಗೆಯದೆ ಕಾರು ಹತ್ತಲಿಲ್ಲ. ಕಾರು ಹುಲಿಯಾಗಿಯೇ ಉಳಿಯಿತು. ಎದುರು ಮನೆಯ ಅಕ್ಕನಿಗೆ ಬಾಗಿನ ಕೊಡಲು ಮುಂದಿನ ಗೌರಿ ಹಬ್ಬದಲ್ಲಿ ವ್ಯಾಪಾರಿ ಕಾರಿನಲ್ಲೇ ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಕೆಟ್ಟಿದ್ದು ಹೂವಿನಿಂದ, ಸರಿಹೋದದ್ದು ಹೂ ತೆಗೆದಿದ್ದರಿಂದ. ವ್ಯಾಪಾರಿಗೆ ಅದು ಕೊನೆಯವರೆಗೂ ತಿಳಿಯಲೇ ಇಲ್ಲ. ಮೆಕ್ಯಾನಿಕ್ಕನಂಥ ತಿಳಿದವನೂ ಸುಮ್ಮನಾದ. ಇದು ಅಜ್ಞಾನಕ್ಕೆ ಎಣ್ಣೆ ಎರೆದಂತಾಯಿತು ಎಂದು ಅವನು ವಾದಿಸಿದ.

“ತಾನು ಅಕ್ಕನ ಮೇಲೆ ಹೊರಿಸಿದ್ದು ಸುಳ್ಳೆಂದು ಆ ವ್ಯಾಪಾರಿಗೆ ಯಾರಾದರೂ ಹೇಳಲೇಬೇಕು, ಗುರುಗಳೇ. ಯಾರೂ ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ” ಎಂದ.

“ಹೋಗಿ ಹೇಳು” ಎಂದರು ಗುರುಗಳು, “ಆದರೆ ಅದಕ್ಕೂ ಮೊದಲು, ಕಾರಿನಿಂದ ಯಾವ ಬಸ್ ನಿಲ್ದಾಣದಲ್ಲಿ ಇಳಿಸಬೇಕೆಂದು ಅವನ ಅಕ್ಕನನ್ನು ಕೇಳಿಕೊಂಡು ಬಾ.”