ಕಾವಲು ದೊಣೆ

ಗೌರಸಗುಡ್ಡದ ನೆತ್ತಿಗೆ ಹತ್ತುವ ದಾರಿಯಲ್ಲಿ, ಎರಡು ಹೆಬ್ಬಂಡೆಗಳ ನಡುವೆ, ಕಡುಬೇಸಿಗೆಯಲ್ಲೂ ಬತ್ತದ ಒಂದು ದೊಣೆಯಿದೆ. ಕಲ್ಲಿನ ತಗ್ಗಿನಲ್ಲಿ ನಿಂತ ತಣ್ಣೀರು. ನಾಲ್ವರು ಬಗ್ಗಿದರೆ ಐದನೆಯವರಿಗೆ ಜಾಗವಿಲ್ಲ. ಇದಕ್ಕೆ ಕಾವಲು ದೊಣೆ ಎಂದು ಹೆಸರು. ಹಾಗೆಂದು ಇಲ್ಲಿ ಕೋಟೆ ಬಾಗಿಲು ಹುಡುಕಲು ಹೋದೀರಿ! ಕೋಟೆಯೂ ಇಲ್ಲ, ಠಾಣೆಯೂ ಇಲ್ಲ. ಆ ಹೆಸರು ಬಂದ ಬಗೆ ಕೇಳಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಹಿಂದೆ ಒಮ್ಮೆ, ಕುಂಪಣಿಯವರು ಆಗಷ್ಟೇ ಈ ಸೀಮೆಗೆ ಕಾಲಿಟ್ಟಿದ್ದಾಗ, ಗುಡ್ಡದ ಮೇಲೆ ಮೂವತ್ತು ಮನೆ ಬೇಡರಿದ್ದರು. ಗುಡ್ಡ ಬಿಟ್ಟು ಬಯಲಿಗಿಳಿಯಿರಿ ಎಂದು ಅಪ್ಪಣೆ ಬಂತು. ಅವರ ಹಿರಿಯ ಕಾಟಯ್ಯ ಒಪ್ಪಲಿಲ್ಲ. ತಾಯಿ ಸಾಯುವಾಗ ತನ್ನ ಕೈಗೊಪ್ಪಿಸಿದ್ದ ತಮ್ಮ ಬೊಮ್ಮಯ್ಯನನ್ನೂ ಇಪ್ಪತ್ತು ಬಿಲ್ಲಾಳುಗಳನ್ನೂ ಕರೆದುಕೊಂಡು ಬಂಡೆಗಳ ಮರೆಯಲ್ಲಿ ಕಾದು ಕೂತ. ಮಟಮಟ ಮಧ್ಯಾಹ್ನ ಗುಡ್ಡ ಹತ್ತಿ ಬಂದ ಸಿಪಾಯಿಗಳು ದೊಣೆ ಕಂಡದ್ದೇ ತಡ, ಬಂದೂಕು ಬದಿಗಿಟ್ಟು ನೀರಿಗೆ ಮುಗಿಬಿದ್ದರು. ಬೊಮ್ಮಯ್ಯ ಬಾಣ ಹೂಡಿದ. ಕಾಟಯ್ಯ ಅವನ ಕೈ ಹಿಡಿದ. ನೀರಿಗೆ ಬಾಯಿಟ್ಟ ಮಿಗವನ್ನೂ ಹೊಡೆಯಬಾರದೆಂಬುದು ಬೇಟೆಯ ಕಟ್ಟಳೆ. ಹಾಗಿರುವಾಗ ಮನುಷ್ಯರನ್ನು ಹೊಡೆಯುವುದುಂಟೇ ಎಂದ. ಸಿಪಾಯಿಗಳು ಹೊಟ್ಟೆ ತುಂಬ ಕುಡಿದರು, ತಲೆಯೆತ್ತಿದಾಗ ಸುತ್ತಲಿನ ಬಿಲ್ಲುಗಳನ್ನು ಕಂಡು ಬೆವರಿದರು, ಬಂದೂಕು ಎತ್ತಿಕೊಂಡು ಬಂಡೆಯಾಚೆ ಸರಿದರು. ಒಂದು ಬಾಣವೂ ಹಾರಲಿಲ್ಲ.

ಬಿಸಿಲಲ್ಲಿ ಕಾದು ಬಾಯಾರಿದ್ದ ತಮ್ಮವರಿಗೆ ಇನ್ನು ನೀರು ಕುಡಿಯುವ ಸರದಿ ಎಂದುಕೊಂಡ ಕಾಟಯ್ಯ. ಕಟ್ಟಳೆ ಎಲ್ಲರಿಗೂ ಒಂದೇ ಎಂದು ನಂಬಿದ್ದ, ಪಾಪ. "ಹೋಗಪ್ಪಾ, ನೀನು ಮೊದಲು ಕುಡಿದು ಬಾ" ಎಂದು ತಮ್ಮನನ್ನು ಕಳಿಸಿದವನೂ ಅವನೇ. ಬೊಮ್ಮಯ್ಯ ಬಿಲ್ಲನ್ನು ಕಲ್ಲಿಗೊರಗಿಸಿ, ಮಂಡಿಯೂರಿ, ಬೊಗಸೆ ತುಂಬಿಕೊಂಡ. ಆಚೆಯಿಂದ ಐದಾರು ಬಂದೂಕು ಒಮ್ಮೆಲೇ ಸಿಡಿದವು. ಅಯ್ಯೋ, ಇದೆಂಥ ಕೆಲಸ! ರೊಚ್ಚಿಗೆದ್ದ ಬೇಡರು ಬಂಡೆ ಉರುಳಿಸಿದ್ದು, ದಂಡು ದಿಕ್ಕಾಪಾಲಾದದ್ದು, ಗುಡ್ಡ ಬೇಡರಿಗೇ ಉಳಿದದ್ದು ಯಾವುದೂ ಕಾಟಯ್ಯನ ಅರಿವಿಗೆ ಬರಲಿಲ್ಲವಂತೆ. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹತ್ತಿರ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಇವನಿನ್ನೂ ಒಂದು ಗುಟುಕೂ ನುಂಗಿರಲಿಲ್ಲವಲ್ಲ."

ಅಂದಿನಿಂದ ಸಾಯುವವರೆಗೂ ಅವನು ದೊಣೆಯ ಬಳಿಯಿಂದ ಕದಲಲಿಲ್ಲ ಎನ್ನುತ್ತಾರೆ. ಯಾರು ನೀರಿಗೆ ಬಗ್ಗಿದರೂ ಅವರತ್ತ ಬೆನ್ನು ಮಾಡಿ, ದಾರಿಗೆ ಮುಖವಿಟ್ಟು ನಿಲ್ಲುತ್ತಿದ್ದ. ಈಗಲೂ ಅಲ್ಲಿಗೆ ಹೋದವರು ಕಾಣಬಹುದು: ಸೌದೆಗೆ ಬಂದ ಹೆಂಗಸರಾಗಲಿ, ಆಡು ಕಾಯುವವರಾಗಲಿ, ಒಬ್ಬರು ಕುಡಿಯುವಾಗ ಇನ್ನೊಬ್ಬರು ಹಾಗೆಯೇ ನಿಲ್ಲುತ್ತಾರೆ. ಒಂಟಿಯಾಗಿ ಬಂದವರು ಮಾತ್ರ, ಬಾಯಿ ಎಷ್ಟೇ ಒಣಗಿರಲಿ, ಮತ್ತೊಬ್ಬರು ಹತ್ತಿ ಬರುವವರೆಗೆ ನೀರಿನ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತಾರೆ.