ಹಲ್ಲಿಯಮ್ಮ ನೋಡಿದ ನಾಟಕಗಳು

ಇಲಿಗಳ ಪುಟ್ಟ ನಾಟಕೋತ್ಸವವನ್ನು ಹಲ್ಲಿಯಮ್ಮ ದಿನವೂ ಗೋಡೆಯ ಮೇಲಿಂದ ನೋಡುತ್ತಿದ್ದಳು. ಒಂದೂ ಹಿಡಿಸಲಿಲ್ಲ. ಒಂದರಲ್ಲಿ ಹಾಡು ಉದ್ದ, ಇನ್ನೊಂದರಲ್ಲಿ ರಾಜನ ಬಾಲ ಗಿಡ್ಡ. ಬೇಸರದಿಂದ ಮಾತುಮಾತಿಗೂ ಲೊಚಗುಟ್ಟುತ್ತಿದ್ದಳು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ನಂಬಿದ್ದ ಇಲಿಗಳು ಹಿಗ್ಗಿ ಕೈಮುಗಿಯುತ್ತಿದ್ದವು.

ಕೊನೆಯ ನಾಟಕದಲ್ಲಿ ಮುದಿ ಇಲಿಯೊಂದು, ಬೋನಿಗೆ ಬಿದ್ದ ಮಗಳನ್ನು ಕರೆದು ಅತ್ತಾಗ ಹಲ್ಲಿಯಮ್ಮ ಲೊಚಗುಟ್ಟುವುದನ್ನೇ ಮರೆತಳು.

ಪರದೆ ಬಿದ್ದ ಮೇಲೆ ಆ ಇಲಿ ಬಣ್ಣವನ್ನೂ ಒರೆಸದೆ ಗೋಡೆಯ ಬುಡಕ್ಕೆ ಬಂತು.

"ಹಲ್ಲಿಯಮ್ಮಾ, ಇವತ್ತು ನೀವು ನುಡಿಯಲೇ ಇಲ್ಲ. ನನ್ನ ಪಾತ್ರ ಅಷ್ಟು ಕೆಟ್ಟಿತ್ತೇ? ಇನ್ನು ನಾನು ಬಣ್ಣ ಹಚ್ಚುವುದಿಲ್ಲ ಬಿಡಿ."

"ಅಯ್ಯೋ, ಹಾಗಲ್ಲ ಕಣೇ..." ಎಂದ ಹಲ್ಲಿಯಮ್ಮ, ನಿಜ ಹೇಳಿದರೆ ಹಿಂದಿನ ದಿನಗಳದ್ದನ್ನೂ ಹೇಳಬೇಕಾದೀತೆಂದು ಮಾತು ತಡೆದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಜೋರಾಗಿ ಲೊಚಗುಟ್ಟಿದಳು.

ಮುದಿ ಇಲಿ ಕಣ್ಣೊರೆಸಿಕೊಂಡು ಕೈಮುಗಿಯಿತು.